ಮಳೆಗಾಲಕ್ಕೆ ತಂದ ಕ್ವಿಜ್ ಡಬ್ಬಿ: ಐದಕ್ಕೆ ಮೂರು ಅಂಕ, ಪೆನ್ಸಿಲ್ ನಿಮ್ಮದೇ

ಹೋದ ವರ್ಷ ಜೂನ್‌ನಲ್ಲಿ ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಈ ಡಬ್ಬಿ ಕಣ್ಣಿಗೆ ಬಿತ್ತು. ಬೆಲೆ 450 ರೂಪಾಯಿ. ಒಳಗೆ 400 ಕಾರ್ಡು, ಒಂದು ಪುಟ್ಟ ಮರಳು ಗಡಿಯಾರ, ಅಂಕ ಬರೆಯಲು ಪ್ಯಾಡು. ವಿಜ್ಞಾನ, ನಾಡು ಮತ್ತು ಆಡಳಿತ, ಆಟ ಮತ್ತು ಹವ್ಯಾಸ, ಕೆಲಸ ಮತ್ತು ಕಚೇರಿ ಅಂತ ನಾಲ್ಕು ಬಣ್ಣ. ಎಲ್ಲವೂ ಕನ್ನಡದಲ್ಲೇ ಇದೆ ಅನ್ನೋದೊಂದೇ ನಾನು ತಗೊಳ್ಳಲು ಕಾರಣ. ನಮ್ಮದು ತೀರ್ಥಹಳ್ಳಿ ಕಡೆಯ ಊರು. ಜುಲೈ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಕ್ಕಾಗಲ್ಲ. ಟವರಿನ ಬ್ಯಾಟರಿಯೂ ಮುಗಿದರೆ ಮೊಬೈಲು ಬರೀ ಟಾರ್ಚು. ಎರಡು ಮಳೆಗಾಲ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ತೆರೆದ ದಿನವೇ ಹೊಗಳಿ ಬರೆದದ್ದಲ್ಲ.

ಮೊದಲು ಒಳ್ಳೇದನ್ನು ಹೇಳಿಬಿಡುತ್ತೇನೆ. ಕೆಲವು ಕಾರ್ಡುಗಳ ಹಿಂದೆ ಉತ್ತರದ ಜೊತೆ ನಾಲ್ಕು ಸಾಲು ಕಥೆ ಇದೆ, ಅವು ನಿಜಕ್ಕೂ ಚೆನ್ನಾಗಿವೆ. "ಬೋರ್ಡೋ ದ್ರಾವಣಕ್ಕೆ ಆ ಹೆಸರು ಹೇಗೆ ಬಂತು?" ಅಂತ ಒಂದು ಪ್ರಶ್ನೆ. ಅಪ್ಪ ನಲವತ್ತು ವರ್ಷದಿಂದ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಸುತ್ತಿದ್ದಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಬೋರ್ಡೋ ಅನ್ನೋದು ಫ್ರಾನ್ಸಿನ ಒಂದು ಊರು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅಲ್ಲಿನ ರೈತರು ದಾರಿಹೋಕರು ದ್ರಾಕ್ಷಿ ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. "ಅಂದ್ರೆ ಕಳ್ಳರ ಕಾಟಕ್ಕೆ ಹುಟ್ಟಿದ ಔಷಧಿ ಅನ್ನು" ಅಂತ ಅಪ್ಪ ನಕ್ಕಿದ್ದೇ ನಕ್ಕಿದ್ದು. ಮರುದಿನ ಅಡಿಕೆ ಮರ ಹತ್ತುವ ಕೊನೆಗಾರನಿಗೂ ಕೂರಿಸಿಕೊಂಡು ಹೇಳಿದರು. ನನ್ನ ಮಟ್ಟಿಗೆ 450ರಲ್ಲಿ ಅರ್ಧ ಅಲ್ಲೇ ವಸೂಲಾಯಿತು.

ಉಂಬಳದ, ಅಂದರೆ ಜಿಗಣೆಯ, ಕಾರ್ಡೂ ಹಾಗೇ. ಕಚ್ಚಿದ್ದು ಬಿಟ್ಟುಹೋದ ಮೇಲೂ ರಕ್ತ ಯಾಕೆ ಸುರಿಯುತ್ತಲೇ ಇರುತ್ತದೆ ಅಂತ ಪ್ರಶ್ನೆ. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುತ್ತದೆ, ಹಿರುಡಿನ್ ಅಂತಾರೆ. ಇಂಥ ಕಾರ್ಡು 400ರಲ್ಲಿ ನೂರೂ ಇಲ್ಲ, ಅದೇ ಬೇಜಾರು. ಉಳಿದವು ಒಂದು ಪದದ ಉತ್ತರ, ಮುಂದಿನದು, ಮುಂದಿನದು.

ಈಗ ಜಗಳದ ವಿಷಯ. ಡಬ್ಬಿಯ ಮೇಲೆ ಎಂಆರ್‌ಪಿ ದಪ್ಪಕ್ಷರದಲ್ಲಿದೆ, ಮುದ್ರಿಸಿದ ಇಸವಿ ಎಲ್ಲೂ ಇಲ್ಲ. ಯಾವ ಉತ್ತರಕ್ಕೂ ಇದು ಯಾವಾಗಿನ ಮಾತು ಅಂತ ಹಾಕಿಲ್ಲ. ಕ್ವಿಜ್ ಅಂದಮೇಲೆ ಇದು ಸಣ್ಣ ತಪ್ಪಲ್ಲ. "ಶಿವಮೊಗ್ಗ ಜಿಲ್ಲೆಯಿಂದ ಎಷ್ಟು ಮುಖ್ಯಮಂತ್ರಿಗಳು ಬಂದಿದ್ದಾರೆ?" ಅಂತ ಒಂದು ಕಾರ್ಡು. ಉತ್ತರ ನಾಲ್ಕು, ಅಷ್ಟೇ, ಹೆಸರೂ ಇಲ್ಲ. ಅಪ್ಪ ಬೆರಳು ಮಡಚಿ ಎಣಿಸಿದರು: 1956ರಲ್ಲಿ ಎರಡೂವರೆ ತಿಂಗಳು ಇದ್ದ ನಮ್ಮ ಕಡಿದಾಳ್ ಮಂಜಪ್ಪ, ಆಮೇಲೆ ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ. ಮಗಳು ಬಿಡಬೇಕಲ್ಲ. ಪಟೇಲರದ್ದು ಚನ್ನಗಿರಿ ತಾಲ್ಲೂಕು, ಅದು ದಾವಣಗೆರೆ ಜಿಲ್ಲೆ, ಹಾಗಾಗಿ ಮೂರೇ ಅಂದಳು. ಅವಳು ಹೇಳಿದ್ದು ಇವತ್ತಿನ ನಕಾಶೆಗೆ ಸರಿ. ಆದರೆ ಪಟೇಲರು 1996ರಲ್ಲಿ ಮುಖ್ಯಮಂತ್ರಿ ಆದಾಗ ಚನ್ನಗಿರಿ ಶಿವಮೊಗ್ಗದಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿದ್ದು ಅವರದೇ ಸರ್ಕಾರ! ಅಷ್ಟರಲ್ಲಿ ನನ್ನ ಹೆಂಡತಿ, ಹಾಗೆ ನೋಡಿದರೆ ಯಡಿಯೂರಪ್ಪ ಹುಟ್ಟಿದ್ದು ಮಂಡ್ಯದ ಬೂಕನಕೆರೆಯಲ್ಲಿ, ಗೆದ್ದಿದ್ದು ಮಾತ್ರ ಶಿಕಾರಿಪುರದಲ್ಲಿ, "ಬಂದ" ಅಂದರೆ ಎಲ್ಲಿಂದ ಬಂದದ್ದು ಅಂತ ಹೊಸ ತಕರಾರು ತೆಗೆದಳು. ಹಲಸಿನ ಹಪ್ಪಳದ ತಟ್ಟೆ ಖಾಲಿಯಾಯಿತು, ಕರೆಂಟು ಬಂತು, ಮತ್ತೆ ಹೋಯಿತು, ಉತ್ತರ ಎರಡೋ ಮೂರೋ ನಾಲ್ಕೋ ತೀರ್ಮಾನ ಆಗಲಿಲ್ಲ. ಮಜಾ ಬಂತು, ಇಲ್ಲ ಅನ್ನಲ್ಲ. ಆದರೆ ಆ ಮಜಾ ನಮ್ಮ ಮನೆಯವರದ್ದು, ಕಾರ್ಡಿನದ್ದಲ್ಲ.

ಕಾಳಿಂಗ ಸರ್ಪದ ಕಾರ್ಡು ಹಳತಾಗಿದೆ. ಅದರ ಪ್ರಕಾರ ಪ್ರಭೇದ ಒಂದೇ, ಹೆಸರು ಆಫಿಯೋಫೇಗಸ್ ಹನ್ನಾ. ಆಗುಂಬೆ ಸುತ್ತ ವರ್ಷಗಟ್ಟಲೆ ಕೆಲಸ ಮಾಡಿದ ಗೌರಿಶಂಕರ್ ಮತ್ತು ಅವರ ತಂಡ 2024ರಲ್ಲಿ ಅದು ಒಂದಲ್ಲ, ನಾಲ್ಕು ಪ್ರಭೇದ ಅಂತ ತೋರಿಸಿದರು. ಪಶ್ಚಿಮ ಘಟ್ಟದ ಹಾವಿಗೆ ಇಟ್ಟ ಹೆಸರು ಆಫಿಯೋಫೇಗಸ್ ಕಾಳಿಂಗ. ನಾವು ತಲೆಮಾರುಗಳಿಂದ ಕರೆಯುತ್ತಿದ್ದ ಹೆಸರೇ ವಿಜ್ಞಾನದ ಹೆಸರಾಯಿತು, ಅದೇ ಕನ್ನಡದ ಡಬ್ಬಿಯಲ್ಲಿ ಇಲ್ಲ ಅಂದರೆ ಹೇಗೆ? ಹಾಗೇ ಅತಿ ಹಳೆಯ ಕನ್ನಡ ಶಾಸನ ಹಲ್ಮಿಡಿ, ಸುಮಾರು ಕ್ರಿ.ಶ. 450 ಅಂತಿದೆ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ 370ರದ್ದು ಅಂದಿದೆ. ಇದು ಬಹುಶಃ ಇನ್ನೂ ಚರ್ಚೆಯ ವಿಷಯವೇ ಇರಲಿ, ಒಂದು ಸಾಲು ಹಾಕಬಹುದಿತ್ತು ಅಲ್ವಾ.

ಹಳತಾದದ್ದನ್ನು ಕ್ಷಮಿಸಬಹುದು. ಯಾವ ಕಾಲಕ್ಕೂ ಸರಿ ಇಲ್ಲದ್ದೂ ಇವೆ. ಭಾರತದ ಅತಿ ಎತ್ತರದ ಜಲಪಾತ ಜೋಗ, 253 ಮೀಟರ್ ಅಂತ ಒಂದು. 253 ಸರಿ, ಅತಿ ಎತ್ತರ ತಪ್ಪು. ಮಾಸ್ತಿಕಟ್ಟೆ ಹತ್ತಿರದ ಕುಂಚಿಕಲ್ ಮೆಟ್ಟಿಲು ಮೆಟ್ಟಿಲಾಗಿ 455 ಮೀಟರ್ ಇಳಿಯುತ್ತದೆ, ಅದೂ ನಮ್ಮ ಜಿಲ್ಲೆಯದ್ದೇ. ನೇರವಾಗಿ ಬೀಳುವ ಲೆಕ್ಕ ಹಿಡಿದರೂ ಮೇಘಾಲಯದ ನೋಹ್ಕಲಿಕಾಯ್ 340 ಮೀಟರ್. ಜೋಗದ ಮೇಲೆ ನಮಗೇನು ಪ್ರೀತಿ ಕಮ್ಮಿಯಾ, ಆದರೂ ಲೆಕ್ಕ ಲೆಕ್ಕವೇ.

ನನಗೆ ಸಿಟ್ಟು ಬಂದದ್ದು ಮಾತ್ರ ಮಂಗನ ಕಾಯಿಲೆಯ ಕಾರ್ಡಿಗೆ. ಮೊದಲು ಕಂಡದ್ದು 1957, ಸೊರಬ ತಾಲ್ಲೂಕಿನ ಕ್ಯಾಸನೂರು, ಇದೆಲ್ಲ ಸರಿ ಬರೆದು, ಹರಡುವುದು ಹೇಗೆ ಅನ್ನೋ ಕಡೆ "ಮಂಗಗಳಿಂದ" ಅಂತ ಒಂದೇ ಪದ ಹಾಕಿ ಮುಗಿಸಿದ್ದಾರೆ. ಕಚ್ಚಿ ರೋಗ ಕೊಡುವುದು ಉಣುಗು, ಅಂದರೆ ಉಣ್ಣೆ. ಮಂಗಕ್ಕೂ ಅದೇ ಉಣುಗು ಕಚ್ಚಿ, ಅದೂ ಕಾಯಿಲೆ ಬಿದ್ದು ಸಾಯುತ್ತದೆ. ಸತ್ತ ಮಂಗದ ಮೈಯಿಂದ ಉಣುಗು ಉದುರಿ ಆ ಜಾಗವೇ ಅಪಾಯ ಆಗುತ್ತದೆ. ಮಳೆ ನಿಂತ ಮೇಲೆ ದರಗು (ಒಣಗಿ ಬಿದ್ದ ಎಲೆ) ಗುಡಿಸಲು ಕಾಡಿಗೆ ಹೋಗುವವರಿಗೆ ಈ ವ್ಯತ್ಯಾಸ ಅಂಕದ ವಿಷಯ ಅಲ್ಲ. ಮಂಗ ಕಾಣಲಿಲ್ಲ, ಹಾಗಾಗಿ ಭಯ ಇಲ್ಲ ಅಂತ ಅಂದುಕೊಂಡರೆ ಕಥೆ ಏನು? ಆ ಕಾರ್ಡನ್ನು ನಾನು ಪೆನ್ಸಿಲ್ ಬಿಟ್ಟು ಕೆಂಪು ಪೆನ್ನಿನಲ್ಲೇ ತಿದ್ದಿದ್ದೇನೆ.

ಕಚೇರಿ ವಿಭಾಗದ ಕಾರ್ಡುಗಳನ್ನು ನಾನು ಕೆಲಸ ಮಾಡುವ ಸೊಸೈಟಿಗೆ ಒಯ್ದು ಊಟದ ಹೊತ್ತಿನಲ್ಲಿ ಆಡಿಸಿದೆ. ಸಪ್ಪೆ. ಮಾಹಿತಿ ಹಕ್ಕು ಕಾಯ್ದೆ ಬಂದ ವರ್ಷ ಯಾವುದು ಅಂತ ಕೇಳುತ್ತಾರೆ, 2005 ಅಂತ ಎಲ್ಲರೂ ಹೇಳಿದರು. ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅಂತ ನಾನೇ ಸೇರಿಸಿ ಕೇಳಿದರೆ ಅರ್ಧ ಜನ ತಡವರಿಸಿದರು. ಮೂವತ್ತು ದಿನ. ಕೇಳಬೇಕಾದ ಪ್ರಶ್ನೆ ಅದು. ತಮಾಷೆ ಅಂದರೆ ಆಟದ ವಿಭಾಗದಲ್ಲಿ ಭಾರತದ ರಾಷ್ಟ್ರೀಯ ಕ್ರೀಡೆ ಹಾಕಿ ಅಂತಿದೆ, ಹಾಗೆ ಯಾವ ಆಟವನ್ನೂ ಘೋಷಿಸಿಲ್ಲ ಅಂತ ಕ್ರೀಡಾ ಸಚಿವಾಲಯವೇ 2012ರಲ್ಲಿ ಒಂದು ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿದೆ. ಒಂದೇ ಡಬ್ಬಿಯ ಎರಡು ಬಣ್ಣಗಳು ಪರಸ್ಪರ ಮಾತಾಡಿಲ್ಲ. ಆಟದ ವಿಭಾಗದಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಇದ್ದಾರೆ, ಚನ್ನೆಮಣೆ ಇದೆ, ಅದಕ್ಕೆ ಥ್ಯಾಂಕ್ಸ್.

ಸಾಮಾನಿನ ಗುಣಮಟ್ಟ ಮಲೆನಾಡಿಗೆ ಆಗಿಬರುವಂಥದ್ದಲ್ಲ. ತೆಳು ಕಾರ್ಡು, ಆಗಸ್ಟ್ ಹೊತ್ತಿಗೆ ಒಂದಕ್ಕೊಂದು ಅಂಟಿ ಬೂಷ್ಟು ಹಿಡಿಯಿತು. ಮರಳು ಗಡಿಯಾರದಲ್ಲಿ ಥಂಡಿ ಕೂತು ಮರಳು ಅರ್ಧಕ್ಕೇ ನಿಂತುಬಿಡುತ್ತದೆ. ಮೂವತ್ತು ಸೆಕೆಂಡು ಅಂದದ್ದು ಅಜ್ಜಿಯ ಸರದಿಯಲ್ಲಿ ಎಷ್ಟು ಹೊತ್ತಾದರೂ ಮುಗಿಯಲ್ಲ, ಅವರು ಅದನ್ನು ತಟ್ಟಲೂ ಬಿಡಲ್ಲ.

ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು ಇದನ್ನು ನಂಬಿ ಕೂರಬೇಡಿ. ಮನೆಯಲ್ಲಿ ವಾದ ಮಾಡುವ ಜನ ನಾಲ್ಕು ಮಂದಿ ಇದ್ದರೆ ಧಾರಾಳವಾಗಿ ತಗೊಳ್ಳಿ, ಅಂಗಡಿಯಲ್ಲೇ ಒಂದೆರಡು ಕಾರ್ಡು ತೆಗೆಸಿ ನೋಡಿ, ತೆರೆದ ಮೇಲೆ ವಾಪಸ್ ತಗೊಳ್ಳಲ್ಲ. ನಮ್ಮ ಡಬ್ಬಿ ಈಗ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಮೂಟೆಯ ಪಕ್ಕ ಬೆಚ್ಚಗಿದೆ. ಕಾರ್ಡಿಗೆಲ್ಲ ಹೊಗೆ ವಾಸನೆ.