ರೆಡಿಮೇಡ್ ‘ಹೆವಿ ಬೇಸ್’ ಪ್ಯಾಕ್ ಕೊಳ್ಳೋ ಮುಂಚೆ ಇದನ್ನು ಓದಿ

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಡಾನ್ಸ್ ಟ್ರ್ಯಾಕ್ ಮಾಡೋರು ಈಗ ಜಾಸ್ತಿ ಆಗಿದ್ದಾರೆ. ಅವರ ಮೊಬೈಲಿಗೆಲ್ಲ, ಟ್ರ್ಯಾಕ್‌ಗೆ ಹಾಕೋ ರೆಡಿಮೇಡ್ ಬೇಸ್ ಶಬ್ದಗಳನ್ನು ಮಾರುವ ಒಂದೇ ತರದ ಜಾಹೀರಾತು ಬರುತ್ತಿದೆ: ‘ಡಿಸ್ಟಾರ್ಷನ್ ಬೇಸ್ ಪ್ಯಾಕ್, ಯಾವ ಸಿಸ್ಟಮ್ ಮೇಲೆ ಹಾಕಿದರೂ ನೆಲ ನಡುಗುತ್ತದೆ’. ನಾವು ದುಡ್ಡು ಕೊಟ್ಟು ತಗೊಂಡ ಪ್ಯಾಕ್‌ನಿಂದ ನೆಲ ನಡುಗಲಿಲ್ಲ. ಬಾಡಿಗೆಗೆ ತಂದಿದ್ದ ಸಬ್‌ವೂಫರ್ (ಬೇಸ್ ನುಡಿಸೋ ದೊಡ್ಡ ಸ್ಪೀಕರ್) ಸುಟ್ಟಿತು. ಮಾರಿದವನ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ನಡೆಯುತ್ತಿದೆ. ಆದರೆ ಮೋಸ ಎಲ್ಲಿದೆ ಅನ್ನೋದು ಎಲ್ಲರಿಗೂ ಗೊತ್ತಾಗಬೇಕು.

ರಂಗಪಂಚಮಿಗೆ ನಮ್ಮ ಓಣಿಯ ಹುಡುಗರ ಹಲಗಿ ರೆಕಾರ್ಡ್ ಮಾಡಿಕೊಂಡು ಒಂದು ಟ್ರ್ಯಾಕ್ ಕಟ್ಟುತ್ತಿದ್ದೆವು. ಹಲಗಿಯ ಪೆಟ್ಟು ಮೇಲೆ ಚುರುಕಾಗಿ ಕೂರುತ್ತದೆ, ಅದರ ಕೆಳಗೆ ಗುಟುರು ಹಾಕೋ ಬೇಸ್ ಬೇಕಿತ್ತು. ಜಾಹೀರಾತಿನಲ್ಲಿ ಸಬ್ (ತೀರಾ ಕೆಳಗಿನ ಬೇಸ್) ಬೇರೆ, ಡಿಸ್ಟಾರ್ಷನ್ ಪದರ (ಅಲೆ ಕತ್ತರಿಸಿ ಒರಟು ಮಾಡಿದ ಶಬ್ದ) ಬೇರೆ, ಸಿಂಥ್ ಪ್ರೀಸೆಟ್ (ಶಬ್ದ ಹುಟ್ಟಿಸುವ ಸಾಫ್ಟ್‌ವೇರ್‌ನ ಸೆಟ್ಟಿಂಗ್) ಸಮೇತ ಕೊಡುತ್ತೇವೆ ಅಂತ ಸ್ಪಷ್ಟವಾಗಿ ಬರೆದಿತ್ತು. ಯುಪಿಐನಲ್ಲಿ ದುಡ್ಡು ಹೋದ ಮೇಲೆ ಬಂದಿದ್ದು ಬರೀ ವೇವ್ ಫೈಲ್‌ಗಳು, ಅಂದರೆ ರೆಕಾರ್ಡ್ ಆದ ಆಡಿಯೋ. ಸಬ್, ಡಿಸ್ಟಾರ್ಷನ್ ಎಲ್ಲ ಒಂದೇ ಮುದ್ದೆ. ಪ್ರೀಸೆಟ್ ಕೇಳಿದರೆ ಮಾರಿದವನು ‘ಅಪ್‌ಡೇಟ್‌ನಲ್ಲಿ ಬರುತ್ತೆ’ ಅಂದ. ಹಬ್ಬ ಹತ್ತಿರ ಬಂದಿತ್ತು. ಹೆಡ್‌ಫೋನ್‌ನಲ್ಲಂತೂ ಬೇಸ್ ಭಾರೀ ಅಗಲವಾಗಿ, ತಲೆಯ ಸುತ್ತ ಸುತ್ತುವ ಹಾಗೆ ಕೇಳುತ್ತಿತ್ತು.

ಸೌಂಡ್ ಚೆಕ್‌ನಲ್ಲಿ ಹಲಗಿ ಬಂತು, ಕಿಕ್ (ಡ್ರಮ್‌ನ ದಪ್ಪ ಪೆಟ್ಟು) ಬಂತು, ಬೇಸ್ ಬರಲಿಲ್ಲ. ತೆಳ್ಳಗೆ ಜೇನುಹುಳದ ಗುಂಯ್‌ಗುಡುವಿಕೆ ಅಷ್ಟೇ. ರಾತ್ರಿ 10ರ ಮೇಲೆ ಸ್ಪೀಕರ್ ಹಾಕೋ ಹಾಗಿಲ್ಲ, ಹಾಗಾಗಿ ಎಲ್ಲರಿಗೂ ಅವಸರ. ಸೌಂಡ್ ಅಣ್ಣ ಸಬ್‌ವೂಫರ್ ಆಂಪ್‌ನ ಗೇನ್ (ಶಬ್ದ ಹಿಗ್ಗಿಸುವ ಮಟ್ಟ) ಏರಿಸುತ್ತಾ ಹೋದರು. ಇಲ್ಲದ ಬೇಸ್ ಗೇನ್ ಏರಿಸಿದರೆ ಬರುತ್ತಾ? ಏರಿದ್ದು ಕಿಕ್. ಆಂಪ್‌ನ ಕೆಂಪು ಕ್ಲಿಪ್ ಲೈಟ್ ಆರದೇ ಉರಿಯಿತು. ಸ್ವಲ್ಪ ಹೊತ್ತಿಗೆ ವಾರ್ನಿಶ್ ಸುಟ್ಟ ವಾಸನೆ, ಒಂದು ಸಬ್‌ವೂಫರ್ ಮೂಕವಾಯಿತು. ಆಂಪ್ ಕ್ಲಿಪ್ ಆದಾಗ ಅಲೆಯ ತಲೆ ಕತ್ತರಿಸಿ ಚೌಕವಾಗುತ್ತದೆ. ಅಷ್ಟೇ ಎತ್ತರದ ಸೈನ್ ಅಲೆಗಿಂತ (ನುಣುಪಾಗಿ ಏರಿಳಿಯುವ ಸರಳ ಅಲೆ) ಪೂರ್ತಿ ಚೌಕ ಅಲೆಯಲ್ಲಿ ಎರಡು ಪಟ್ಟು ಪವರ್ ಇರುತ್ತದೆ. ಸ್ಪೀಕರ್ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ತಡೆದುಕೊಳ್ಳಲಿಲ್ಲ. ರಿಪೇರಿ ಖರ್ಚು ನಮ್ಮ ತಲೆಗೇ ಬಂತು. ಸೌಂಡ್ ಅಣ್ಣನದು ಏನೂ ತಪ್ಪಿಲ್ಲ, ಅವರಿಗೆ ಸಿಕ್ಕ ಫೈಲೇ ಟೊಳ್ಳು.

ಮರುದಿನ ಆ ವೇವ್ ಫೈಲನ್ನು ಎಡಿಟರ್‌ನಲ್ಲಿ ಹಿಗ್ಗಿಸಿ ನೋಡಿದೆ. ಎಡಗಡೆ ಚಾನೆಲ್‌ನಲ್ಲಿ ಏನಿದೆಯೋ ಬಲಗಡೆಯೂ ಅದೇ ಇತ್ತು, ಆದರೆ 10 ಮಿಲಿಸೆಕೆಂಡ್ ತಡವಾಗಿ. ಇಡೀ ಗುಟ್ಟು ಇಷ್ಟೇ. ಒಂದು ಕಿವಿಗೆ ಚೂರು ತಡವಾಗಿ ಕೇಳಿಸಿದರೆ ಶಬ್ದ ಅಗಲವಾದ ಹಾಗೆ ಅನ್ನಿಸುತ್ತದೆ. ಸಬ್ ಸಮೇತ ಎಲ್ಲದಕ್ಕೂ ಇದನ್ನು ಮಾಡಿದ್ದ.

ನಮ್ಮ ಟ್ರ್ಯಾಕ್‌ನ ಕೆಳಗಿನ ಜಿ ಸ್ವರ 49 ಹರ್ಟ್ಸ್, ಅಂದರೆ ಸೆಕೆಂಡಿಗೆ 49 ಅಲೆ. ಅದರ ಒಂದು ಅಲೆಗೆ ಸುಮಾರು 20 ಮಿಲಿಸೆಕೆಂಡ್ ಬೇಕು. 10 ಮಿಲಿಸೆಕೆಂಡ್ ಅಂದರೆ ಹೆಚ್ಚುಕಡಿಮೆ ಅರ್ಧ ಅಲೆ. ಎಡಗಡೆ ಮೇಲೇಳುವಾಗ ಬಲಗಡೆ ಕೆಳಗಿಳಿಯುತ್ತದೆ. ಬೀದಿಯ ಡಿಜೆ ಸೆಟ್‌ನಲ್ಲಿ ಸಬ್‌ವೂಫರ್‌ಗೆ ಹೋಗೋದು ಸಾಮಾನ್ಯವಾಗಿ ಮೋನೋ, ಎರಡೂ ಕೂಡಿ ಒಂದೇ ಸಿಗ್ನಲ್. ಕೂಡಿಸಿದ ಕೂಡಲೇ ಒಂದನ್ನೊಂದು ನುಂಗಿದವು. ಆ 49 ಹರ್ಟ್ಸ್ ಸುಮಾರು 30 ಡೆಸಿಬೆಲ್ ಇಳಿದುಹೋಗುತ್ತದೆ, ಅಂದರೆ ಇಲ್ಲದ ಹಾಗೇ.

ಡಿಸ್ಟಾರ್ಷನ್‌ನಿಂದ ಹುಟ್ಟುವ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ 2, 3, 4 ಪಟ್ಟಿನ ಕಂಪನಗಳು) ಆದರೂ ಉಳಿಯಬೇಕಿತ್ತಲ್ವಾ? ಅಲ್ಲೇ ಇನ್ನೊಂದು ಪೆಟ್ಟು. ಅಲೆಯ ಮೇಲು, ಕೆಳಗು ಎರಡನ್ನೂ ಒಂದೇ ಸಮ ಕತ್ತರಿಸುವ ಡಿಸ್ಟಾರ್ಷನ್, ಸೈನ್ ಅಲೆಗೆ ಬೆಸ ಹಾರ್ಮೋನಿಕ್ಸ್ ಮಾತ್ರ ಸೇರಿಸುತ್ತದೆ: 49ರ 3 ಪಟ್ಟು 147, 5 ಪಟ್ಟು 245 ಹೀಗೆ. ಅದೇ 10 ಮಿಲಿಸೆಕೆಂಡ್ ತಡಕ್ಕೆ 147 ಒಂದೂವರೆ ಅಲೆ, 245 ಸುಮಾರು ಎರಡೂವರೆ ಅಲೆ ಹಿಂದೆ ಬೀಳುತ್ತದೆ. ಅವೂ ಹೋದವು. ಉಳಿದಿದ್ದು ಮೇಲಿನ ಗುಂಯ್ ಮಾತ್ರ. ಒಮ್ಮೆ ಮೋನೋ ಬಟನ್ ಒತ್ತಿ ಕೇಳಿದವನೂ ಇದನ್ನು ‘ಯಾವ ಸಿಸ್ಟಮ್‌ಗಾದರೂ’ ಅಂತ ಮಾರಲ್ಲ. ನನಗೆ ಸಿಟ್ಟು ಬರೋದು ಇದಕ್ಕೇ. ಇದನ್ನೆಲ್ಲ ಬರೆದು ಕಳಿಸಿದರೆ ‘ನಿಮ್ಮೂರಿನ ಸಿಸ್ಟಮ್ ಸರಿ ಇಲ್ಲ’ ಅಂದ, ಆಮೇಲೆ ಬ್ಲಾಕ್ ಮಾಡಿದ.

ಯಾವುದೇ ಪ್ಯಾಕ್ ಇರಲಿ, ಡೆಮೋ ಫೈಲ್ ಕೇಳಿ ಪಡೆಯಿರಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಮಾಸ್ಟರ್ ಅನ್ನು (ಎಲ್ಲ ಸೇರಿ ಹೊರಬರುವ ಶಬ್ದ) ಮೋನೋ ಮಾಡಿ ಕೇಳಿ. ಬೇಸ್ ತೆಳ್ಳಗಾದರೆ ಅಲ್ಲಿಗೇ ಬಿಡಿ. ಫೈಲ್ ಕೊಡಲ್ಲ, ವಿಡಿಯೋ ಮಾತ್ರ ನೋಡಿ ಅಂದರೂ ಬಿಡಿ.

ನಿಜ ಹೇಳಬೇಕೆಂದರೆ ಇದನ್ನು ಕೊಳ್ಳೋ ಅಗತ್ಯವೇ ಇಲ್ಲ. ವೈಟಲ್ ಅನ್ನೋ ಸಿಂಥ್‌ನ ಉಚಿತ ಆವೃತ್ತಿಯೇ ಇದಕ್ಕೆ ಧಾರಾಳ. ಸಬ್‌ಗೆ ಒಂದು ಸೈನ್ ಅಲೆ, ಮೋನೋ, ಅದಕ್ಕೆ ಡಿಸ್ಟಾರ್ಷನ್ ಮುಟ್ಟಿಸಬೇಡಿ. ಇನ್ನೊಂದು ಟ್ರ್ಯಾಕ್‌ನಲ್ಲಿ ಅದೇ ಸ್ವರಕ್ಕೆ ಚೂರು ಶ್ರುತಿ ತಪ್ಪಿಸಿದ ಎರಡು ‘ಸಾ’ ಅಲೆ (ಗರಗಸದ ಹಲ್ಲಿನ ಆಕಾರದ ಅಲೆ). ರೀಸ್ ಬೇಸ್ ಅನ್ನೋದು ಇದೇ. ಡೆಟ್ರಾಯಿಟ್‌ನ ಕೆವಿನ್ ಸಾಂಡರ್ಸನ್ ರೀಸ್ ಹೆಸರಲ್ಲಿ 1988ರಲ್ಲಿ ತಂದ ಶಬ್ದದಿಂದ ಆ ಹೆಸರು ಬಂತು. ಈ ಪದರದಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಇಲ್ಲದಿದ್ದರೆ ಆ ಎರಡು ಅಲೆಗಳ 49 ಮತ್ತು 49.5 ಹರ್ಟ್ಸ್ ಸೇರಿ, ಎರಡು ಸೆಕೆಂಡಿಗೊಮ್ಮೆ ಕೆಳಗಿನ ಬೇಸ್ ಉಬ್ಬುತ್ತಾ ಕುಗ್ಗುತ್ತಾ ಇರುತ್ತದೆ. ಕತ್ತರಿಸಿದ ಮೇಲೆ ಡಿಸ್ಟಾರ್ಷನ್ ಎಷ್ಟು ಬೇಕಾದರೂ ಹಾಕಿ. ಅದು ಕೆಳಗೆ ಹೊಸದಾಗಿ ಗುಡುಗು ಹುಟ್ಟಿಸುತ್ತದೆ, ಹಾಗಾಗಿ ಆಮೇಲೆ ಇನ್ನೊಮ್ಮೆ ಕತ್ತರಿಸಿ. ಡಿಸ್ಟಾರ್ಷನ್ ಪ್ಲಗಿನ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚು ಸ್ಯಾಂಪಲ್ ರೇಟ್‌ನಲ್ಲಿ ಲೆಕ್ಕ ಹಾಕೋ ಆಯ್ಕೆ) ಇದ್ದರೆ 4 ಪಟ್ಟಿಗೆ ಇಡಿ. ಇಲ್ಲದಿದ್ದರೆ 44,100 ಹರ್ಟ್ಸ್ ಸ್ಯಾಂಪಲ್ ರೇಟ್‌ನ ಪ್ರಾಜೆಕ್ಟ್‌ನಲ್ಲಿ ಅದರ ಅರ್ಧ, 22,050 ದಾಟಿದ ಹಾರ್ಮೋನಿಕ್ಸ್ ಮಡಚಿಕೊಂಡು ಕೆಳಗೆ ಬಂದು, ಶ್ರುತಿಗೆ ಸೇರದ ಕರಕರ ಶಬ್ದವಾಗುತ್ತವೆ. ಅಗಲ ಬೇಕಾ? ಇನ್ನೂ ಮೇಲಿನ ಭಾಗಕ್ಕೆ ಮಾತ್ರ ಕೊಡಿ, ಮೋನೋದಲ್ಲಿ ಕೇಳುತ್ತಾ ಕೊಡಿ.

ಕೊನೆಗೆ ಎರಡೂ ಪದರ ಸೇರಿಸಿ ಒಂದರ ಪೋಲಾರಿಟಿ ತಿರುಗಿಸಿ (ಅಲೆಯ ಮೇಲು-ಕೆಳಗು ಅದಲುಬದಲು ಮಾಡಿ) ನೋಡಿ. ಯಾವ ಕಡೆ ಬೇಸ್ ದಪ್ಪ ಅನ್ನಿಸುತ್ತೋ ಅದೇ ಸರಿ. ಮೊಬೈಲ್ ಸ್ಪೀಕರ್‌ಗೆ 49 ಹರ್ಟ್ಸ್ ನುಡಿಸೋ ತಾಕತ್ತಿಲ್ಲ. ಆದರೆ 98, 147, 196 ಕಿವಿಗೆ ಬಿದ್ದರೆ ಕೆಳಗಿನ ಸ್ವರವನ್ನು ಮೆದುಳೇ ತುಂಬಿಕೊಳ್ಳುತ್ತದೆ. ಡಿಸ್ಟಾರ್ಷನ್‌ನ ನಿಜವಾದ ಉಪಯೋಗ ಇದು.

ಈಗಾಗಲೇ ಇಂಥ ಪ್ಯಾಕ್ ತಗೊಂಡು ಸಿಕ್ಕಿಹಾಕಿಕೊಂಡವರು ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ, ಚಾಟ್ ಯಾವುದನ್ನೂ ಅಳಿಸಬೇಡಿ. ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ದುಡ್ಡು ತಗೊಂಡು ಏನೂ ಕೊಡದೇ ಮಾಯವಾಗಿದ್ದರೆ ತಡ ಮಾಡದೇ ಸೈಬರ್ ವಂಚನೆಯ 1930ಕ್ಕೆ ಫೋನ್ ಮಾಡಿ. ನಾವು 1915ಕ್ಕೆ ಕೊಟ್ಟಿದ್ದೇವೆ. ಸೌಂಡ್ ಅಣ್ಣ ಕೊಟ್ಟ ರಿಪೇರಿ ಬಿಲ್ಲನ್ನೂ ಅದರ ಜೊತೆ ಸೇರಿಸಿದ್ದೇವೆ.