ಎಕ್ಸ್‌ಪಲ್ಸ್ 200 4ವಿ ಮೇಲೆ ಟ್ರಯಲ್ಸ್ ಬ್ಯಾಲೆನ್ಸ್: ಎಲ್ಲಿಯವರೆಗೆ ಸಾಕು, ಎಲ್ಲಿ ಕೈ ಕೊಡುತ್ತದೆ

ಬೆಳಗಾವಿ ಕಡೆ ಟ್ರಯಲ್ಸ್ (ಕಾಲೂರದೆ ಕಲ್ಲು, ಏರುಗಳ ಮೇಲೆ ನಿಧಾನವಾಗಿ ಬೈಕು ದಾಟಿಸುವ ಆಟ) ಕಲಿಯಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಅದಕ್ಕೆಂದೇ ಮಾಡಿದ ಬೈಕು ಇಲ್ಲದೆ ಆದೀತೇ? ಮೊಂಟೆಸಾ, ಬೀಟಾ, ಶೆರ್ಕೊ, ಗ್ಯಾಸ್‌ಗ್ಯಾಸ್ ಕಂಪನಿಗಳ ಅಸಲಿ ಟ್ರಯಲ್ಸ್ ಬೈಕುಗಳು ನಮ್ಮೂರ ಶೋರೂಮುಗಳಲ್ಲಿ ಕಾಣುವುದಿಲ್ಲ, ಹೊರಗಿನಿಂದ ತರಿಸಿದರೆ ಸುಂಕ ಸೇರಿ ಹಲವು ಲಕ್ಷ. ಹಾಗಾಗಿ ಕೈ ತಾನಾಗಿಯೇ ಹೀರೊ ಕಂಪನಿಯ ಆಫ್‌ರೋಡ್ ಬೈಕು ಎಕ್ಸ್‌ಪಲ್ಸ್ ಕಡೆ ಹೋಗುತ್ತದೆ. ಈ ವಿಮರ್ಶೆಯಲ್ಲಿ ಮೈಲೇಜ್ ಇಲ್ಲ, ಗೋವಾ ಪ್ರವಾಸ ಇಲ್ಲ, ಹೆಡ್‌ಲೈಟ್ ಬೆಳಕಿನ ಮಾತೂ ಇಲ್ಲ. ನಿಂತ ಬೈಕಿನ ಮೇಲೆ ಕಾಲೂರದೆ ನಿಲ್ಲುವುದು, ಹ್ಯಾಂಡಲ್ ಪೂರ್ತಿ ತಿರುಗಿಸಿ ಸುತ್ತು ಹಾಕುವುದು, ಕಲ್ಲಿನ ಮೇಲೆ ಮುಂದಿನ ಗಾಲಿ ಇಟ್ಟು ತಡೆದು ನಿಲ್ಲುವುದು, ಇಷ್ಟಕ್ಕೆ ಈ ಬೈಕು ಒದಗುತ್ತದೆಯೇ ಎಂಬುದಷ್ಟೇ ಇಲ್ಲಿನ ವಿಷಯ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ಮೂರಕ್ಕೂ ಸಾಕು. ನಾಲ್ಕನೆಯದು, ನಿಂತಲ್ಲೇ ಗಾಲಿ ಕುಪ್ಪಳಿಸಿ ಪಕ್ಕಕ್ಕೆ ಸರಿಸುವುದು. ಅದಕ್ಕೆ ಮಾತ್ರ ಇದನ್ನು ಮುಟ್ಟಬೇಡಿ.

ಕಾರಣ ತೂಕ. ಎಕ್ಸ್‌ಪಲ್ಸ್ 200 4ವಿ ಹತ್ತಿರಹತ್ತಿರ 158 ಕೆ.ಜಿ., ಅಸಲಿ ಟ್ರಯಲ್ಸ್ ಬೈಕು 70ರ ಆಸುಪಾಸು. ಎರಡು ಗಾಲಿಗಳ ನಡುವಿನ ಅಂತರ ಇದರದ್ದು 1410 ಮಿ.ಮೀ., ಅವುಗಳದ್ದು ಸುಮಾರು 1320. ಸೀಟು ಇಲ್ಲಿ 825 ಮಿ.ಮೀ. ಎತ್ತರದಲ್ಲಿದೆ, ಅಲ್ಲಿ ಸೀಟೆಂಬುದೇ ಇಲ್ಲ, ಮೊಣಕಾಲು ಮಡಚಲು ಜಾಗ ಎಷ್ಟು ಬೇಕಾದರೂ ಉಂಟು. ಇಂಜಿನ್ನಿನ ಸ್ವಭಾವವೂ ಬೇರೆ. ಎಕ್ಸ್‌ಪಲ್ಸಿನ 17.35 ನ್ಯೂಟನ್ ಮೀಟರ್ ಎಳೆತ ಪೂರ್ತಿ ಸಿಗುವುದು 6500 ಆರ್‌ಪಿಎಂಗೆ. ಟ್ರಯಲ್ಸ್ ಇಂಜಿನ್ನು ಭಾರದ ಫ್ಲೈವೀಲ್ (ಇಂಜಿನ್ ಬಂದ್ ಬೀಳದಂತೆ ತಿರುಗಿಸುತ್ತಿರುವ ಚಕ್ರ) ಇಟ್ಟುಕೊಂಡು ರೇಸ್ ಹೆಚ್ಚು ಕೊಡದೆಯೇ ಗುಡ್ಡ ಹತ್ತುವಂಥದ್ದು. ಇಲ್ಲಿ ಆ ಕೊರತೆಯನ್ನು ಹಾಫ್ ಕ್ಲಚ್ಚಿನಿಂದಲೇ ತುಂಬಿಕೊಳ್ಳಬೇಕು. ಹೊಂದುವ ಅಂಶ ಒಂದೇ, ಆದರೆ ಅದು ದೊಡ್ಡದು: ಮುಂದೆ 21, ಹಿಂದೆ 18 ಇಂಚಿನ ಗಾಲಿ. ಟ್ರಯಲ್ಸ್ ಬೈಕಿನದೂ ಇದೇ ಅಳತೆ. ಮುಂದಿನ ಗಾಲಿ ಕಲ್ಲನ್ನು ತಾಕುವ ರೀತಿ, ಹ್ಯಾಂಡಲ್ ತಿರುಗಿಸಿದಾಗ ಅದು ವಾಲುವ ರೀತಿ ಸುಮಾರಾಗಿ ಅದರಂತೆಯೇ ಇರುತ್ತದೆ.

ಬೈಕನ್ನು ಶೋರೂಮಿನಿಂದ ಬಂದ ಹಾಗೆಯೇ ಬಯಲಿಗೆ ಒಯ್ದರೆ ಅರ್ಧ ಕಲಿಕೆ ಹಾಳು. ಮೊದಲು ಕ್ಲಚ್ ಮತ್ತು ಮುಂದಿನ ಬ್ರೇಕಿನ ಲಿವರುಗಳನ್ನು ಕೆಳಕ್ಕೆ ತಿರುಗಿಸಿ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಕೈ ಚಾಚಿದಾಗ ಮುಂಗೈ, ಮಣಿಕಟ್ಟು, ತೋರುಬೆರಳು ಒಂದೇ ಗೆರೆಯಲ್ಲಿ ಬರಬೇಕು. ಲಿವರಿನ ಕ್ಲ್ಯಾಂಪನ್ನು ಒಂದಿಷ್ಟು ಒಳಕ್ಕೆ ಸರಿಸಿದರೆ ತೋರುಬೆರಳು ಲಿವರಿನ ತುದಿಗೆ ಬರುತ್ತದೆ, ಒಂದೇ ಬೆರಳಲ್ಲಿ ಹಿಡಿಯುವುದು ಹಗುರಾಗುತ್ತದೆ. ಕ್ಲ್ಯಾಂಪ್ ಕೆಳಗೆ ಎರಡು ಸುತ್ತು ಟೆಫ್ಲಾನ್ ಟೇಪ್ (ಪ್ಲಂಬರ್ ಅಂಗಡಿಯ ಬಿಳಿ ಟೇಪ್ ಸಾಕು) ಸುತ್ತಿ, ಲಿವರನ್ನು ಕೈಯಿಂದ ಜೋರಾಗಿ ನೂಕಿದರೆ ಮಾತ್ರ ತಿರುಗುವಷ್ಟು ನಟ್ಟು ಬಿಗಿ ಮಾಡಿ. ಬೈಕು ಬಿದ್ದಾಗ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ. ಫುಟ್‌ರೆಸ್ಟ್ ಮೇಲೆ ರಬ್ಬರ್ ಇದ್ದರೆ ತೆಗೆಯಿರಿ. ಕನ್ನಡಿ ಎರಡನ್ನೂ ಮನೆಯಲ್ಲೇ ಬಿಡಿ, ಹೋಗಿಬರುವಾಗ ಮಾತ್ರ ಹಾಕಿಕೊಂಡರಾಯಿತು.

ಹವಾ ಬಗ್ಗೆ ಎಚ್ಚರ. ಟ್ರಯಲ್ಸ್ ಬೈಕಿನವರು ಹಿಂದಿನ ಟೈರಿಗೆ 4–5 ಪಿಎಸ್‌ಐ, ಮುಂದೆ 5–6 ಇಡುತ್ತಾರೆ ಎಂದು ಕೇಳಿ ಇಲ್ಲಿಯೂ ಹವಾ ಬಿಡುವವರಿದ್ದಾರೆ. ಎಕ್ಸ್‌ಪಲ್ಸಿನದು ಟ್ಯೂಬ್ ಟೈರು. ಹವಾ 15ಕ್ಕಿಂತ ಇಳಿದರೆ ಟೈರು ರಿಮ್ ಮೇಲೆ ಜಾರಿ, ಟ್ಯೂಬನ್ನೂ ಎಳೆದುಕೊಂಡು ಹೋಗಿ, ವಾಲ್ವಿನ ಬುಡ ಹರಿಯುತ್ತದೆ. ಅದು ಪಂಕ್ಚರ್ ಹಾಕಿ ಸರಿಮಾಡುವ ಹರಕಲ್ಲ, ಟ್ಯೂಬೇ ಹೊಸದು ಬೇಕು. ಅಭ್ಯಾಸಕ್ಕೆ ಮುಂದೆ 16, ಹಿಂದೆ 18 ಸಾಕು. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಿನ ಕ್ಯಾಪಿನವರೆಗೆ ಏರಿಸಿಡಿ. ಟೈರು ಜಾರುತ್ತಿದ್ದರೆ ವಾಲ್ವು ಓರೆಯಾಗಿ ನಿಂತು ಮೊದಲೇ ಹೇಳುತ್ತದೆ. ಮನೆಗೆ ಹೊರಡುವ ಮುನ್ನ ಪಂಪಿನಿಂದ ಹವಾ ಮತ್ತೆ ತುಂಬಿಕೊಳ್ಳುವುದು ಕಡ್ಡಾಯ.

ಈಗ ನಿಂತಲ್ಲೇ ನಿಲ್ಲುವುದು. ಇಂಜಿನ್ ಬಂದ್ ಮಾಡಿ ಎರಡೂ ಬ್ರೇಕು ಹಿಡಿದು ಮುಂದಿನ ಗಾಲಿಯನ್ನು ಗೋಡೆಗೋ ಕಟ್ಟೆಗೋ ಒತ್ತಿ ನಿಲ್ಲುವುದು ಆರಂಭಿಕರ ಹಂತ, ಅಲ್ಲಿ ಹತ್ತು ಸೆಕೆಂಡ್ ನಿಂತವರು ಮುಂದಿನದಕ್ಕೆ ಬರಬಹುದು. ಮುಂದಿನದಕ್ಕೆ ಸಮತಟ್ಟು ನೆಲ ಬೇಡ. ಮೀಟರಿಗೆ ನಾಲ್ಕೈದು ಸೆಂ.ಮೀ. ಏರುವ ಸಣ್ಣ ಇಳಿಜಾರು ಹುಡುಕಿ, ಬೈಕನ್ನು ಏರಿನ ಕಡೆ ಮುಖ ಮಾಡಿ ನಿಲ್ಲಿಸಿ. ಮೊದಲನೇ ಗೇರು, ಹಾಫ್ ಕ್ಲಚ್, ಹ್ಯಾಂಡಲ್ ಪೂರ್ತಿ ಎಡಕ್ಕೆ. ಈಗ ಕ್ಲಚ್ ಒಂದು ಕೂದಲೆಳೆ ಬಿಟ್ಟರೆ ಬೈಕು ಮುಂದಕ್ಕೆ, ಹಿಡಿದರೆ ಇಳಿಜಾರಿಗೆ ತಾನೇ ಹಿಂದಕ್ಕೆ. ಇಡೀ ವಿದ್ಯೆ ಇರುವುದು ಇಲ್ಲೇ. ಗಾಲಿ ಎಡಕ್ಕೆ ತಿರುಗಿರುವುದರಿಂದ ಬೈಕು ಮುಂದೆ ಸರಿದಾಗ ಗಾಲಿ ನೆಲ ಮುಟ್ಟುವ ಜಾಗ ಎಡಕ್ಕೆ ಹೋಗುತ್ತದೆ, ಹಿಂದೆ ಸರಿದಾಗ ಬಲಕ್ಕೆ. ಎಡಕ್ಕೆ ವಾಲಿದಿರಾ, ಬೈಕು ಎರಡು ಬೆರಳಷ್ಟು ಮುಂದೆ. ಬಲಕ್ಕೆ ವಾಲಿದಿರಾ, ಎರಡು ಬೆರಳಷ್ಟು ಹಿಂದೆ. ಬೀಳುತ್ತಿರುವ ಕಡೆಗೇ ಗಾಲಿ ಹೋಗಿ ಆಸರೆ ಕೊಡುತ್ತದೆ. ಹ್ಯಾಂಡಲ್ ನೇರ ಇಟ್ಟುಕೊಂಡು ಸೊಂಟ ಕುಣಿಸಿ ನಿಲ್ಲಲು ನೋಡುವವರಿಗೆ ಮೂರು ಸೆಕೆಂಡೂ ದಕ್ಕದೇ ಇರುವುದು ಇದೇ ಕಾರಣಕ್ಕೆ.

ಮೈ ಹೇಗಿರಬೇಕು? ಪಾದದ ನಡುಭಾಗ ಫುಟ್‌ರೆಸ್ಟ್ ಮೇಲೆ, ಮೊಣಕಾಲು ಸಡಿಲ, ಟ್ಯಾಂಕನ್ನು ತೊಡೆಯಿಂದ ಅಪ್ಪಬಾರದು. ಅಪ್ಪಿದರೆ ನೀವೂ ಬೈಕೂ ಒಂದೇ ಕಂಬವಾಗಿ ಒಟ್ಟಿಗೇ ಉರುಳುತ್ತೀರಿ. ಸಣ್ಣ ವಾಲಿಕೆಯನ್ನು ಎದುರು ಬದಿಯ ಮೊಣಕಾಲು ಹೊರಕ್ಕೆ ಚಾಚಿ ಸರಿಪಡಿಸಬಹುದು. ಅದಕ್ಕಿಂತ ದೊಡ್ಡದಾದರೆ ಕ್ಲಚ್ಚೇ ಗತಿ. ಕಣ್ಣು ಮೂರು ಮೀಟರ್ ಆಚೆಯ ಒಂದು ಕಲ್ಲಿನ ಮೇಲೆ, ಮುಂದಿನ ಗಾಲಿಯ ಮೇಲಂತೂ ಅಲ್ಲವೇ ಅಲ್ಲ. ಗುರಿ ಮೂವತ್ತು ಸೆಕೆಂಡ್, ಎಡಕ್ಕೂ ಬಲಕ್ಕೂ. ಎಡ ಬೇಗ ಬರುತ್ತದೆ. ಬಲಕ್ಕೆ ತಿರುಗಿಸಿದಾಗ ರೇಸಿನ ಕೈ ಹೊಟ್ಟೆಗೆ ಬಂದು ತಾಗಿ, ಮಣಿಕಟ್ಟು ಕುಸಿದು, ಗೊತ್ತಿಲ್ಲದೆಯೇ ರೇಸ್ ಏರಿಬಿಡುತ್ತದೆ. ಇದಕ್ಕೆ ಮದ್ದು ಹಿಡಿತ ಬದಲಿಸುವುದು: ಗ್ರಿಪ್ಪನ್ನು ಮುಷ್ಟಿಯಲ್ಲಿ ಅಡ್ಡ ಹಿಡಿಯದೆ, ಸ್ಕ್ರೂಡ್ರೈವರ್ ಹಿಡಿದಂತೆ ಓರೆಯಾಗಿ ಹಿಡಿದು ಮೊಣಕೈ ಹೊರಗೆ ಎತ್ತಿ.

ಬೈಕಿನ ದೋಷ ಹೊರಬೀಳುವುದೂ ಇಲ್ಲೇ. ಹತ್ತು ನಿಮಿಷ ಬಿಡದೆ ಹಾಫ್ ಕ್ಲಚ್ಚಿನಲ್ಲಿ ಆಡಿದರೆ ಕ್ಲಚ್ ಹಿಡಿಯುವ ಬಿಂದು ಜಾಗ ಬದಲಿಸುತ್ತದೆ, ಆಮೇಲೆ ಸುಟ್ಟ ವಾಸನೆ. 4ವಿಗೆ ಆಯಿಲ್ ಕೂಲರ್ ಇದೆ, ಆದರೆ ಗಾಳಿ ಬೀಸುವ ಫ್ಯಾನ್ ಇಲ್ಲ, ನಿಂತಲ್ಲೇ ನಿಂತ ಬೈಕಿಗೆ ಗಾಳಿ ಎಲ್ಲಿಂದ ಬರಬೇಕು? ಟ್ರಯಲ್ಸ್ ಬೈಕುಗಳಿಗೆ ರೇಡಿಯೇಟರ್ ಫ್ಯಾನ್ ಇರುವುದು ಇದಕ್ಕೇ. ಏಳೆಂಟು ನಿಮಿಷ ಆಟ, ಐದು ನಿಮಿಷ ವಿಶ್ರಾಂತಿ ಎಂದು ಇಟ್ಟುಕೊಳ್ಳಿ. ಏಪ್ರಿಲ್–ಮೇ ಬಿಸಿಲಿನಲ್ಲಿ ವಿಜಯಪುರದವರು ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ಬೈಕಿಗೂ ಒಳ್ಳೆಯದು, ತಲೆಗೂ ಒಳ್ಳೆಯದು.

ಪೂರ್ತಿ ತಿರುವಿನ ಸುತ್ತಿಗೆ ಆರು ಮೀಟರ್ ಚೌಕದ ನಾಲ್ಕು ಮೂಲೆಗೆ ನಾಲ್ಕು ನೀರಿನ ಬಾಟಲಿ ಇಡಿ. ಒಳಗೆ ಎಡಕ್ಕೂ ಬಲಕ್ಕೂ ಸುತ್ತು ಹಾಕಬೇಕು, ಕುಳಿತಲ್ಲ, ನಿಂತೇ. ರೇಸ್ ಒಂದೇ ಮಟ್ಟದಲ್ಲಿ, ಹಿಂದಿನ ಬ್ರೇಕ್ ಸದಾ ಒಂದಿಷ್ಟು ತಾಗಿಸಿಕೊಂಡು, ವೇಗವನ್ನು ಕ್ಲಚ್ಚಿನಿಂದ ಮಾತ್ರ ಆಳುವುದು. ತೂಕ ಹೊರಗಿನ ಫುಟ್‌ರೆಸ್ಟ್ ಮೇಲೆ: ಎಡಕ್ಕೆ ತಿರುಗುವಾಗ ಬಲಗಾಲು ಒತ್ತಿ, ಸೊಂಟ ಬಲಕ್ಕೆ ತಂದು, ಬೈಕು ಮಾತ್ರ ಒಳಕ್ಕೆ ವಾಲಲಿ. ಬಹಳ ಜನ ಬೀಳುವುದು ಸುತ್ತಿನ ಮಧ್ಯದಲ್ಲಿ, ಹೆದರಿ ಕ್ಲಚ್ ಪೂರ್ತಿ ಹಿಡಿದಾಗ. ಎಳೆತ ನಿಂತ ಕೂಡಲೇ ಬೈಕು ಒಳಕ್ಕೆ ಕುಸಿಯುತ್ತದೆ. ಹೆದರಿಕೆಯಾದರೆ ಕ್ಲಚ್ ಬಿಡಬೇಕು, ಹಿಡಿಯಬಾರದು, ಇದು ಕೈಗೆ ಬರಲು ಕೆಲವು ವಾರವೇ ಬೇಕು. ಚೌಕವನ್ನು ಅರ್ಧರ್ಧ ಮೀಟರ್ ಕಿರಿದಾಗಿಸುತ್ತ ನಾಲ್ಕೂವರೆಯವರೆಗೆ ಬನ್ನಿ. ಅದಕ್ಕಿಂತ ಕಿರಿದಕ್ಕೆ ಎಕ್ಸ್‌ಪಲ್ಸಿನ ಹ್ಯಾಂಡಲ್ ತಿರುಗುವುದಿಲ್ಲ, ಟ್ರಯಲ್ಸ್ ಬೈಕಿನ ಹ್ಯಾಂಡಲ್ ಇದಕ್ಕಿಂತ ಬಹಳ ತಿರುಗುತ್ತದೆ.

ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಡ್ಡ ಬರುತ್ತದೆಯೇ ಎಂದು ಕೇಳುವವರಿಗೆ: ನಡಿಗೆಯ ವೇಗದಲ್ಲಿ ಅದು ಮಧ್ಯೆ ಬರುವುದಿಲ್ಲ. ಕಡಿದಾದ ಗರಸಿನ ಇಳಿಜಾರಿನಲ್ಲಿ ವೇಗ ಏರಿದಾಗ ಮಾತ್ರ ಮುಂದಿನ ಲಿವರ್ ಮಿಡಿದು ಬ್ರೇಕ್ ಬಿಟ್ಟುಹಿಡಿ ಆಗುತ್ತದೆ. 2023ರಿಂದೀಚಿನ ಬೈಕಿನಲ್ಲಿ ಎಬಿಎಸ್‌ಗೆ ಮೂರು ಮೋಡ್ ಇವೆ, ರ‍್ಯಾಲಿ ಮೋಡಿನಲ್ಲಿ ಎಬಿಎಸ್ ಬಂದ್.

ಕಲ್ಲಿನ ಮೇಲೆ ಗಾಲಿ ಇಡುವುದಕ್ಕೆ ನಮ್ಮ ಕಡೆಯ ಜಂಬಿಟ್ಟಿಗೆಯೇ ಸರಿ. ಒರಟಾಗಿರುವುದರಿಂದ ಟೈರಿಗೆ ಹಿಡಿತ ಸಿಗುತ್ತದೆ, ನುಣುಪು ಫರ್ಸಿ ಕಲ್ಲಿನಂತೆ ಜಾರುವುದಿಲ್ಲ. ನೆಲದಿಂದ 12–15 ಸೆಂ.ಮೀ. ಮೇಲೆ ಉಳಿಯುವಂತೆ ಎರಡು ಕಲ್ಲನ್ನು ಅರ್ಧ ಹೂಳಿ, ಸುಮ್ಮನೆ ಇಟ್ಟರೆ ಉರುಳುತ್ತದೆ. ನೆಲಬಿಡುವು 220 ಮಿ.ಮೀ. ಇರುವುದರಿಂದ ಹೊಟ್ಟೆ ತಾಗದು, ಆದರೂ ಇಂಜಿನ್ ಕೆಳಗಿನ ಗಾರ್ಡ್ ಗಟ್ಟಿಯದಿರಲಿ. ಬೆಳಗಾವಿಯ ಉದ್ಯಮಬಾಗ್ ಕಡೆ ಫ್ಯಾಬ್ರಿಕೇಶನ್ ಶೆಡ್ಡುಗಳಿಗೇನು ಬರವೇ? 4 ಮಿ.ಮೀ. ಅಲ್ಯೂಮಿನಿಯಂ ಹಾಳೆ ಬಗ್ಗಿಸಿಕೊಟ್ಟಾರು. ಆಯಿಲ್ ಡ್ರೇನ್ ಬೋಲ್ಟಿಗೆ ತೂತು ಬಿಡಲು ಮರೆಯದೆ ಹೇಳಿ.

ನಡಿಗೆ ವೇಗದಲ್ಲಿ ಬಂದು, ಕಲ್ಲಿಗೆ ಅರ್ಧ ಗಾಲಿಯಷ್ಟು ದೂರವಿರುವಾಗ ಮೊಣಕಾಲು ಮಡಚಿ ಮುಂದಿನ ಫೋರ್ಕ್ (ಮುಂದಿನ ಗಾಲಿಯ ಶಾಕ್ ಕೊಳವೆಗಳು) ಅದುಮಿ, ಅದು ಮೇಲೇಳುವ ಹೊತ್ತಿಗೆ ಸರಿಯಾಗಿ ತುಸು ರೇಸ್ ಮತ್ತು ಕ್ಲಚ್. ಗಾಲಿ ಕಲ್ಲಿನ ಮೇಲೆ ಕುಳಿತ ತಕ್ಷಣ ಕ್ಲಚ್ ಹಿಡಿದು, ಮುಂದಿನ ಬ್ರೇಕ್ ಹಿಡಿದು, ನಿಲ್ಲಿ. ಮೂರು ಸೆಕೆಂಡ್. ಆಮೇಲೆ ಮುಂದಕ್ಕೆ ಬಾಗಿ ಕ್ಲಚ್ ಬಿಟ್ಟರೆ ಹಿಂದಿನ ಗಾಲಿ ಹತ್ತಿಬರುತ್ತದೆ. ತಪ್ಪುವುದು ಸಾಮಾನ್ಯವಾಗಿ ಕೈಯಿಂದ ಹ್ಯಾಂಡಲ್ ಎಳೆಯುವುದರಲ್ಲಿ. 158 ಕೆ.ಜಿ. ಕೈಗೆ ಏಳುವುದಿಲ್ಲ, ಬೆನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಈ ಬೈಕಿನ ಗುಣ ಎಂದರೆ ಇದೇ ಎನ್ನಬೇಕು: ಹಗುರ ಬೈಕಿನ ಮೇಲೆ ತೋಳ್ಬಲದಿಂದ ಮುಚ್ಚಿಕೊಳ್ಳಬಹುದಾದ ತಪ್ಪು ಇಲ್ಲಿ ಮುಚ್ಚುವುದಿಲ್ಲ, ಸರಿಯಾದ ಹೊತ್ತು ನೋಡಿ ಫೋರ್ಕ್ ಮತ್ತು ಕ್ಲಚ್ಚಿನಿಂದಲೇ ಎತ್ತುವುದನ್ನು ಕಲಿಯಲೇಬೇಕು.

ಕುಪ್ಪಳಿಸುವುದು ಬೇಡ ಎಂದದ್ದೂ ಈ ತೂಕಕ್ಕೇ. ಮುಂದಿನ ಬ್ರೇಕ್ ಹಿಡಿದು ಅದುಮಿ ಎತ್ತಿದರೆ ಒಂದೆರಡು ಇಂಚು ಸರಿದೀತು, ಆದರೆ ಫೋರ್ಕಿನ ಆಯಿಲ್ ಸೀಲ್, ಹ್ಯಾಂಡಲ್ಲಿನ ಕೋನ್ ಬೇರಿಂಗ್ ಎರಡಕ್ಕೂ ಕುತ್ತು. ಆ ಆಸೆಯನ್ನು 24 ಇಂಚಿನ ಹಳೆಯ ಸೈಕಲ್ಲಿನ ಮೇಲೆ ಸೀಟು ಪೂರ್ತಿ ಇಳಿಸಿ ತೀರಿಸಿಕೊಳ್ಳಿ. ಕಲಿಯುವ ಚಲನೆ ಅದೇ, ಬಿದ್ದರೆ ಮಂಡಿ ತರಚುವುದಷ್ಟೇ.

ಬೀಳುವುದಕ್ಕೂ ರೀತಿ ಇದೆ. ಹೋಗುತ್ತಿದೆ ಎನಿಸಿದರೆ ಕಿಲ್ ಸ್ವಿಚ್ ಒತ್ತಿ ಬೈಕಿನಿಂದ ಹಿಂದಕ್ಕೆ ಇಳಿಯಿರಿ, ಕಾಲು ಚಾಚಿ ತಡೆಯಲು ಹೋಗಬೇಡಿ. ಎತ್ತುವಾಗ, ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಹೊರಕ್ಕೆ ಚಾಚಿ ಬೈಕನ್ನು ಗೇರಿನಲ್ಲಿಡಿ. ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಸಣ್ಣ ಹೆಜ್ಜೆ ಇಡುತ್ತ ಹಿಂದಕ್ಕೆ ನಡೆದರೆ ಎದ್ದು ನಿಲ್ಲುತ್ತದೆ.

ಜಾಗದ ಮಾತು. ಬೆಳಗಾವಿಯ ಪಶ್ಚಿಮಕ್ಕೆ ಗರಸು ಮಣ್ಣಿನ ಬಯಲು, ಕೊಯ್ಲಾದ ಭತ್ತದ ಗದ್ದೆ ಎರಡೂ ಒಳ್ಳೆಯವು, ಹೊಲದವರನ್ನು ಕೇಳಿಯೇ ಇಳಿಯಿರಿ. ಬೈಲಹೊಂಗಲ, ಸವದತ್ತಿ ಕಡೆಯ ಎರೆ ಮಣ್ಣು ಒಣಗಿದಾಗ ಚಕ್ಕಡಿ ಹಾದಿಯ ಕೊರೆಯಲ್ಲಿ ನಿಧಾನ ಓಡಿಸುವುದು ಬ್ಯಾಲೆನ್ಸಿಗೆ ಒಳ್ಳೆಯ ಪರೀಕ್ಷೆ. ಮಳೆ ಬಿದ್ದ ಮೇಲೆ ಮಾತ್ರ ಅತ್ತ ಹಾಯಬೇಡಿ, ಎರೆ ಟೈರಿನ ಗುಂಡಿಗಳ ನಡುವೆ ಮೆತ್ತಿಕೊಂಡು ನುಣುಪಾದ ಡ್ರಮ್ಮೇ ಆಗುತ್ತದೆ. ಖಾನಾಪುರದ ಭೀಮಗಡ ಅಭಯಾರಣ್ಯದ ಕಾಡಿನೊಳಗೂ ಬೇಡ, ಬಾದಾಮಿಯ ಬಂಡೆಗಳ ಮೇಲೂ ಬೇಡ. ಒಂದು ಅರಣ್ಯದ್ದು, ಇನ್ನೊಂದರ ಸುತ್ತ ಸಂರಕ್ಷಿತ ಸ್ಮಾರಕಗಳು.

ಅಂಕ ಹಾಕಿಕೊಂಡು ಆಡಿದರೆ ಕಲಿಕೆ ಚುರುಕಾಗುತ್ತದೆ. ಕಾಲು ಒಮ್ಮೆ ಊರಿದರೆ 1, ಎರಡು ಸಲಕ್ಕೆ 2, ಮೂರು ಅಥವಾ ಹೆಚ್ಚಿಗೆ 3, ಬಿದ್ದರೆ ಇಲ್ಲವೇ ಗಡಿ ದಾಟಿದರೆ 5. ಕಡಿಮೆ ಅಂಕದವನೇ ಗೆದ್ದವ.

2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ಈ ಕೆಲಸಕ್ಕೆ ಮೇಲಲ್ಲ. ನೀರಿನ ಕೂಲಿಂಗ್ ಇರುವುದು ಹೌದು, ತೂಕ ಮಾತ್ರ 168 ಕೆ.ಜಿ.ಗೆ ಏರಿದೆ. 200 4ವಿಯದೇ ಪ್ರೊ ಮಾದರಿಯ ಸೀಟು 891 ಮಿ.ಮೀ. ಎತ್ತರ, ಕಲಿಯುವವರಿಗೆ ಅದೂ ದಂಡ. ಸೆಕೆಂಡ್ ಹ್ಯಾಂಡ್ ಸಾದಾ 4ವಿ ಸಾಕು. ಕೊಳ್ಳುವಾಗ ಮೂರು ನೋಡಿ: ಮುಂದಿನ ಗಾಲಿ ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವೆ ಎಲ್ಲೂ ತಡೆಯಬಾರದು, ತಡೆದರೆ ಬೇರಿಂಗ್ ಹೋಗಿದೆ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಇರಬಾರದು. ಮೂರನೇ ಗೇರಿನಲ್ಲಿ ಕಡಿಮೆ ವೇಗದಿಂದ ಒಮ್ಮೆಲೇ ರೇಸ್ ಕೊಟ್ಟಾಗ ಇಂಜಿನ್ ಸದ್ದು ಏರಿ ಬೈಕು ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿವೆ, ಅವುಗಳ ದುಡ್ಡನ್ನು ಬೈಕಿನ ಬೆಲೆಯಲ್ಲೇ ಕಡಿತ ಮಾಡಿಸಿಕೊಳ್ಳಿ.