ಸೋನಿ ಎ6000 ಮೇಲೆ ಹಳೆ ಹೀಲಿಯೋಸ್, ತಕುಮಾರ್: ಚಿಕ್ಕಮಗಳೂರಿನ ಮಳೆಗಾಲಗಳನ್ನು ಕಂಡ ಮೇಲೆ

ಹಳೆ ಲೆನ್ಸ್ ಕೊಳ್ಳುವುದು ಅಗ್ಗ. ನಮ್ಮ ಕಡೆ ಅದನ್ನು ಸಾಕುವುದು ಮಾತ್ರ ಅಗ್ಗವಲ್ಲ. ಈ ವಿಮರ್ಶೆ ಓದುವವರು ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಕು.

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಸೋನಿ ಎ6000, ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ. ಅದರ ಮೇಲೆ ಎರಡು ಲೆನ್ಸ್ ಬಳಸುತ್ತೇನೆ. ಒಂದು ರಷ್ಯಾದ ಹೀಲಿಯೋಸ್ 44-2, 58 ಎಂಎಂ ಎಫ್/2. ಇನ್ನೊಂದು ಜಪಾನಿನ ತಕುಮಾರ್ 55 ಎಂಎಂ ಎಫ್/1.8. ಎರಡೂ ಎಂ42, ಅಂದರೆ ತಿರುಪಿ ಕೂರಿಸುವ ಲೆನ್ಸ್‌ಗಳು. ಫೋಕಸ್ ಕೈಯಿಂದಲೇ ಮಾಡಬೇಕು. ಇಷ್ಟು ಬೆಳಕು ಹಿಡಿಯುವ ಹೊಸ ಆಟೋಫೋಕಸ್ ಲೆನ್ಸಿನ ಬೆಲೆ ನೋಡಿದರೆ ಇವು ಬಿಟ್ಟಿ ಸಿಕ್ಕ ಹಾಗೆ.

ಮಿರರ್‌ಲೆಸ್ ಕ್ಯಾಮೆರಾ ಯಾಕೆ ಬೇಕು ಅಂತ ತುಂಬಾ ಜನ ಕೇಳುತ್ತಾರೆ. ಎಂ42 ಲೆನ್ಸ್ ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ಎ6000ನ ಇ ಮೌಂಟಿನಲ್ಲಿ (ಲೆನ್ಸ್ ಕೂರುವ ಜಾಗ) ಈ ದೂರ ಬರೀ 18 ಮಿ.ಮೀ. ಉಳಿದ ಜಾಗವನ್ನು ಒಂದು ಖಾಲಿ ಲೋಹದ ಕೊಳವೆ ತುಂಬುತ್ತದೆ. ಅದೇ ಅಡಾಪ್ಟರ್. ಒಳಗೆ ಗಾಜಿಲ್ಲ, ವೈರಿಲ್ಲ. ಕನ್ನಡಿ ಇರುವ ಕ್ಯಾಮೆರಾ, ಅಂದರೆ ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಈ ದೂರ 44 ಮಿ.ಮೀ., ಹಾಗಾಗಿ ತೆಳು ಉಂಗುರದಲ್ಲೇ ಕೆಲಸ ಆಗುತ್ತದೆ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ 46.5. ಅಲ್ಲಿ ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ ಮುಳ್ಳಯ್ಯನಗಿರಿ ಮಸುಕಾಗಿಯೇ ಉಳಿಯುತ್ತದೆ. ನಿಕಾನ್ ಇರುವವರು ಸುಮ್ನೆ ಎಂ42 ಹಿಂದೆ ಬೀಳದೆ ನಿಕಾನಿನದೇ ಹಳೆ ಎಐ ಲೆನ್ಸ್ ಹುಡುಕಿ. ಡಿ3100, ಡಿ3200 ತರಹದ ಕ್ಯಾಮೆರಾಗಳಲ್ಲಿ ಅವಕ್ಕೆ ಮೀಟರಿಂಗ್ (ಬೆಳಕು ಅಳೆಯುವುದು) ಇರುವುದಿಲ್ಲ, ಎಲ್ಲವನ್ನೂ ನಾವೇ ಇಡುವ ಎಂ ಮೋಡಿನಲ್ಲಿ ಅಂದಾಜಿನಿಂದ ತೆಗೆಯಬೇಕು, ಅಷ್ಟೇ.

ಅಡಾಪ್ಟರ್‌ನಲ್ಲಿ ಜುಗ್ಗತನ ಬೇಡ. ಆನ್‌ಲೈನ್‌ನಲ್ಲಿ ಬಂದ ಮೊದಲನೆಯದು ಕ್ಯಾಮೆರಾ ಮೇಲೆ ಅಲ್ಲಾಡುತ್ತಿತ್ತು. ಫೋಕಸ್ ರಿಂಗ್ ತಿರುಗಿಸಿದರೆ ಮೊದಲು ಲೆನ್ಸೇ ಚೂರು ತಿರುಗಿ, ಆಮೇಲೆ ಫೋಕಸ್ ಬದಲಾಗುತ್ತಿತ್ತು. ಸ್ವಲ್ಪ ಜಾಸ್ತಿ ಕೊಟ್ಟು ತಂದ ಎರಡನೆಯದು ಇವತ್ತಿಗೂ ಬಿಗಿಯಾಗಿದೆ.

ಕ್ಯಾಮೆರಾ ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್' ಆನ್ ಮಾಡದಿದ್ದರೆ ಶಟರ್ ಬಡಿಯುವುದೇ ಇಲ್ಲ. ತಕುಮಾರ್ ಪಕ್ಕದ ಸಣ್ಣ ಗುಂಡಿಯನ್ನು ಮ್ಯಾನ್ಯುಯಲ್‌ಗೆ ತಳ್ಳಿ. ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುವ ಎ ಮೋಡಿನಲ್ಲಿ ಆಟೋ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಇಟ್ಟರೆ ಎ6000 ಪದೇ ಪದೇ 1/60 ಸೆಕೆಂಡಿಗೇ ಇಳಿಯುತ್ತದೆ. ಈ ಕ್ಯಾಮೆರಾ ಒಳಗೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ಆದ್ದರಿಂದ ನಾನು ಎಂ ಮೋಡಿನಲ್ಲಿ 1/160 ಇಟ್ಟು ಐಎಸ್‌ಒ ಮಾತ್ರ ಆಟೋ ಬಿಡುತ್ತೇನೆ.

ಫೋಕಸ್ ಆದ ಅಂಚುಗಳನ್ನು ಪರದೆಯಲ್ಲಿ ಬಣ್ಣದಿಂದ ತೋರಿಸುವ ಫೋಕಸ್ ಪೀಕಿಂಗ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಹಳೇಬೀಡಿನ ಗೋಡೆ ಮುಂದೆ ನಿಂತು ನೋಡಿ! ಆನೆ ಸಾಲು, ಕುದುರೆ ಸಾಲು, ಬಳ್ಳಿ ಕೆತ್ತನೆ, ಎಲ್ಲದರ ಅಂಚೂ ಒಟ್ಟಿಗೆ ಕೆಂಪಾಗಿ ಮಿನುಗುತ್ತದೆ. ಯಾವುದು ನಿಜವಾಗಿ ಫೋಕಸ್‌ನಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ. ಅಲ್ಲಿ ಪೀಕಿಂಗ್ ಆಫ್ ಮಾಡಿ, ಚಿತ್ರವನ್ನು ಹಿಗ್ಗಿಸಿ ನೋಡಿಯೇ ಫೋಕಸ್ ಮಾಡಬೇಕು. ಕಲ್ಲು ಓಡಿಹೋಗುವುದಿಲ್ಲವಲ್ಲ. ಬೇಲೂರಿನಲ್ಲಿ ಸೂರಿನ ಕೆಳಗಿನ ಮದನಿಕೆಯರಿಗೆ ಈ ಲೆನ್ಸ್‌ಗಳು ಹೇಳಿ ಮಾಡಿಸಿದ ಹಾಗಿವೆ. ಎ6000ನ ಎಪಿಎಸ್-ಸಿ ಸೆನ್ಸರ್ ಫುಲ್ ಫ್ರೇಮ್‌ಗಿಂತ ಚಿಕ್ಕದು, ಅದರಲ್ಲಿ 58 ಎಂಎಂ ಲೆನ್ಸ್ ಫುಲ್ ಫ್ರೇಮಿನ ಸುಮಾರು 87 ಎಂಎಂ ಲೆನ್ಸಿನ ನೋಟ ಕೊಡುತ್ತದೆ. ಅದೇ ಗುಡಿಯ ಒಳಗೆ ಹೋದರೆ ಕಂಬದ ಒಂದು ತುಂಡು ಬಿಟ್ಟು ಏನೂ ಹಿಡಿಸುವುದಿಲ್ಲ. ಅಗಲದ ನೋಟಕ್ಕೆ ಕ್ಯಾಮೆರಾ ಜೊತೆ ಬಂದ 16-50 ಕಿಟ್ ಲೆನ್ಸೇ ಗತಿ.

ಹೀಲಿಯೋಸ್‌ನ ಸುತ್ತುವ ಹಿನ್ನೆಲೆಗೆ ಮರುಳಾಗಿ ಕೊಳ್ಳುವವರಿಗೆ ಒಂದು ಮಾತು. ಆ ಸುಳಿ ಜೋರಾಗಿ ಕಾಣುವುದು ಚಿತ್ರದ ಅಂಚಿನಲ್ಲಿ. ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಬಿಡುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದ ಫೋಟೋ ನೋಡಿ ಆಸೆಪಟ್ಟರೆ ನಿರಾಸೆ ಖಂಡಿತ. ಕಾಫಿ ಹೂವಿಗೂ ಇದು ಸಾಲದು, ಅರ್ಧ ಮೀಟರಿಗಿಂತ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ. ಲೆನ್ಸನ್ನು ಇನ್ನೂ ಮುಂದೆ ತಳ್ಳುವ ಅಗ್ಗದ ಎಂ42 ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದ ಮೇಲೆ ಹೂಗೊಂಚಲು ಚೆನ್ನಾಗಿ ಬಂತು. ಎದುರು ಬಿಸಿಲಿದ್ದರೆ ಹೀಲಿಯೋಸ್ ಚಿತ್ರ ತೆಳ್ಳಗಾಗಿ ಹೋಗುತ್ತದೆ. 49 ಎಂಎಂ ರಬ್ಬರ್ ಹುಡ್ ಹಾಕಿಕೊಳ್ಳಿ.

ಈಗ ಮಳೆಗಾಲದ ವಿಷಯ. ಜೂನ್‌ನಿಂದ ಇಲ್ಲಿ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ, ಲೆನ್ಸ್ ಬಿಡುತ್ತದಾ? ಗಾಜಿನ ಮೇಲೆ ಜೇಡರ ಬಲೆಯಂತೆ ಹರಡುವ ಬೂಷ್ಟು ಬಹಳ ದಿನ ಉಳಿದರೆ ಕೋಟಿಂಗ್ ತಿಂದುಹಾಕುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಲೆನ್ಸ್ ಜೊತೆ ಬರುವ ಹಳೆ ಚರ್ಮದ ಡಬ್ಬಿಯನ್ನು ಮೊದಲು ದೂರ ಇಡಿ, ತೇವ ಕೂರುವುದೇ ಅದರಲ್ಲಿ. ನಾನು ಬಳಸುವುದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ತೇವಾಂಶ ಶೇಕಡಾ 40ರಿಂದ 50ರ ನಡುವೆ ನಿಂತರೆ ನೆಮ್ಮದಿ. ಜುಲೈನಲ್ಲಿ ಜೆಲ್ ಬೇಗ ಬೇಗ ಬಣ್ಣ ಕಳೆದುಕೊಳ್ಳುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಮತ್ತೆ ತುಂಬುತ್ತೇನೆ. ಅದಕ್ಕೆ ಬೇರೆಯೇ ಬಾಣಲೆ ಇಡಿ, ಅಡುಗೆಯದ್ದು ಮುಟ್ಟಿದರೆ ಅಮ್ಮನ ಬೈಗುಳ ಗ್ಯಾರಂಟಿ. ಮಳೆಗಾಲದಲ್ಲೂ ಲೆನ್ಸ್ ಹೊರತೆಗೆದು ಬಳಸುತ್ತಲೇ ಇರಬೇಕು. ಮುಚ್ಚಿಟ್ಟು ಮರೆತ ಲೆನ್ಸಿಗೇ ಬೂಷ್ಟು ಬೇಗ.

ತಕುಮಾರ್ ಗಾಜು ಚೂರು ಹಳದಿಯಾಗಿ ಬಂದಿತ್ತು. ಕೆಲವು ತಕುಮಾರ್‌ಗಳ ಗಾಜಿನಲ್ಲಿ ಥೋರಿಯಂ ಎಂಬ ವಿಕಿರಣ ಸೂಸುವ ಧಾತು ಇದೆ, ಹಳದಿ ಆಗುವುದು ಅದರಿಂದಲೇ. ನೇರಳಾತೀತ ಬೆಳಕಿಗೆ ಅದು ಇಳಿಯುತ್ತದೆ. ಮಳೆ ಬಿಟ್ಟ ಮೇಲೆ ಕಿಟಕಿ ಬಿಸಿಲಿನಲ್ಲಿಟ್ಟೆ, ಬಹಳಷ್ಟು ತಿಳಿಯಾಯಿತು. ಬಿಸಿಲಿಗೆ ಇಟ್ಟಾಗ ಹತ್ತಿರ ಕಾಗದ, ಬಟ್ಟೆ ಇರಬಾರದು, ಲೆನ್ಸ್ ಬೆಂಕಿ ಹೊತ್ತಿಸಬಲ್ಲದು.

ಮದುವೆ, ಹಕ್ಕಿ, ಓಡಾಡುವ ಮಕ್ಕಳು ನಿಮ್ಮ ವಿಷಯ ಆಗಿದ್ದರೆ ಇದು ನಿಮಗಲ್ಲ. ಅಕ್ಕನ ಮಗಳು ಒಂದು ಕ್ಷಣ ನಿಂತರೆ ತಾನೇ ಫೋಕಸ್ ಮಾಡುವುದು! ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ತಕುಮಾರ್ ತೆಗೆದುಕೊಳ್ಳಿ. ಫೋಕಸ್ ರಿಂಗ್ ಬೆಣ್ಣೆಯಷ್ಟು ನಯ, ಎದುರು ಬೆಳಕನ್ನೂ ಚೆನ್ನಾಗಿ ತಡೆಯುತ್ತದೆ. ದುಡ್ಡು ಕೊಡುವ ಮುಂಚೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ತೆಗೆದ ಫೋಟೋ ಕೇಳಿ. ಲೆನ್ಸಿನೊಳಗೆ ಬೆಳಕಿನ ದಾರಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡಿನ ಮೇಲೆ ಎಣ್ಣೆ ಹೊಳೆಯುತ್ತಿದೆಯಾ ನೋಡಿ. ಸಣ್ಣಪುಟ್ಟ ಧೂಳಿಗೆ ಹೆದರಬೇಡಿ, ಫೋಟೋದಲ್ಲಿ ಕಾಣುವುದಿಲ್ಲ. ಟಾರ್ಚ್ ಫೋಟೋ ಕಳಿಸಲು ಹಿಂದೆಮುಂದೆ ನೋಡುವವರ ಹತ್ತಿರ ಮಾತ್ರ ಕೊಳ್ಳಬೇಡಿ.